ಗಮನದಲ್ಲಿಡಿ

ಎಂಟು ವರ್ಷ ನಾನು ಬೇರೆಯವರ ಇಂಜಿನ್ನಿನ ಹಳೇ ಎಣ್ಣೆಯನ್ನು ಪರೀಕ್ಷೆ ಮಾಡಿಸಿ, ಅದರ ವರದಿ ಬರೆದು ಸಂಬಳ ತೆಗೆದುಕೊಂಡವನು. ಏನು ಕೆಲಸ ಅಂತ ಕೇಳಿದವರಿಗೆ "ಇಂಜಿನ್ನಿಗೆ ಬ್ಲಡ್ ಟೆಸ್ಟ್ ಮಾಡೋದು" ಅಂತ ಹೇಳಿ ಮುಗಿಸುತ್ತಿದ್ದೆ. ಈ ಕಸುಬಿನವರೆಲ್ಲ ಹೇಳುವ ಹೋಲಿಕೆಯೇ ಅದು, ಅರ್ಧ ಸರಿಯೂ ಹೌದು. ಆದರೆ ರಕ್ತಪರೀಕ್ಷೆಯ ಫಲಿತಾಂಶ ಯಾರ ಜೀವಕ್ಕೆ ಸಂಬಂಧಪಟ್ಟದ್ದೋ ಅವರ ಕೈಗೇ ಬರುತ್ತದೆ. ಎಣ್ಣೆಯ ವರದಿ ಹಾಗೆ ಬರುವುದಿಲ್ಲ. ಇದು ನನಗೆ ತಡವಾಗಿ ಹೊಳೆದ ವಿಷಯ.

ಮಲ್ಪೆ ಬಂದರಿಗೆ ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆ. ನಮ್ಮ ಕಂಪನಿಯ ಎಣ್ಣೆ ಹಾಕಿಸುವ ಬೋಟುಗಳಿಗೆ ಪರೀಕ್ಷೆ ಉಚಿತ. ಎಣ್ಣೆ ಮಾರುವುದಕ್ಕೆ ಅದೊಂದು ಉಪಾಯ, ಮುಚ್ಚಿಡುವಂಥದ್ದೇನಿಲ್ಲ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ಒಮ್ಮೆ ಹೊರಟಿತು ಅಂದರೆ ಎಂಟು-ಹತ್ತು ದಿನ ದಕ್ಕೆಗೆ ಬರುವುದಿಲ್ಲ. ಇಂಜಿನ್ ಹಗಲೂ ರಾತ್ರಿ ಓಡುತ್ತಲೇ ಇರಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಇಂಜಿನ್ ಬಿಚ್ಚುವ ಕೆಲಸ ಏನಿದ್ದರೂ ಆ 61 ದಿನಗಳಲ್ಲಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಮೀನು ಚೆನ್ನಾಗಿ ಬೀಳುವ ಹೊತ್ತಿಗೆ "ಇಂಜಿನ್ ಒಮ್ಮೆ ಬಿಚ್ಚಿ ನೋಡುವ" ಅಂತ ಹೇಳಿದರೆ ಬೋಟಿನ ಮಾಲಕರ ಮುಖ ಹೇಗಾಗುತ್ತದೆ ಅಂತ ನಾನು ನೋಡಿದ್ದೇನೆ.

ಸ್ಯಾಂಪಲ್ ತೆಗೆಯುವುದು ನೋಡಲಿಕ್ಕೆ ಸುಲಭ. ಇಂಜಿನ್ ಬಿಸಿಯಾಗಿ ಓಡಿ ನಿಂತ ಕೂಡಲೇ, ಡಿಪ್‌ಸ್ಟಿಕ್ ತೂತಿನಿಂದ ಪ್ಲಾಸ್ಟಿಕ್ ಟ್ಯೂಬು ಇಳಿಸಿ, ಕೈಪಂಪಿನಲ್ಲಿ ಎಳೆದು, ಸ್ವಚ್ಛವಾದ ಸಣ್ಣ ಬಾಟಲಿಗೆ ತುಂಬಿಸುವುದು. ಪ್ರತಿ ಸಲ ಅದೇ ಜಾಗ, ಅದೇ ಆಳ. ಎಣ್ಣೆ ಬದಲಿಸುವಾಗ ಕೆಳಗಿಟ್ಟ ಬಕೆಟ್ಟಿನಿಂದ ತುಂಬಿಸಿ ಕೊಟ್ಟರೆ ಬಕೆಟ್ಟಿನ ವರದಿ ಬರುತ್ತದೆ. ಬೋಟಿನ ಇಂಜಿನ್ ನೋಡಿಕೊಳ್ಳುವವರನ್ನು ಅಲ್ಲಿ ಡ್ರೈವರ್ ಅನ್ನುತ್ತಾರೆ. ನಾನು ಹೇಳುತ್ತಿರುವ ಬೋಟಿನ ಡ್ರೈವರಣ್ಣ ಈ ವಿಷಯದಲ್ಲಿ ನನಗಿಂತ ಶಿಸ್ತಿನವರು. ಬಾಟಲಿಯ ಮೇಲೆ ತಾರೀಕು, ಇಂಜಿನ್ ಓಡಿದ ಗಂಟೆ, ಎಣ್ಣೆ ಹಾಕಿ ಎಷ್ಟು ಗಂಟೆ ಆಯಿತು, ನಡುವೆ ಎಷ್ಟು ಲೀಟರ್ ಟಾಪಪ್ ಮಾಡಿದರು, ಎಲ್ಲ ಬರೆದಿಡುತ್ತಿದ್ದರು.

ಇದರಲ್ಲಿ ಏನು ಗೊತ್ತಾಗುತ್ತದೆ ಅಂತ ಸ್ವಲ್ಪ ಹೇಳಬೇಕು. ಕ್ರ್ಯಾಂಕ್‌ಶಾಫ್ಟ್ ಕೂರುವ ಬೇರಿಂಗ್ ಅಂದರೆ ಸೈಕಲ್ ಚಕ್ರದಲ್ಲಿ ಇರುವ ಹಾಗೆ ಗುಂಡುಗಳಿರುವಂಥದ್ದಲ್ಲ. ಅರ್ಧ ಬಳೆಯ ಆಕಾರದ ಎರಡು ತೆಳು ಶೆಲ್‌ಗಳು. ಇಂಜಿನ್ ಓಡುವಾಗ ಶಾಫ್ಟು ಶೆಲ್ಲಿಗೆ ತಾಗುವುದೇ ಇಲ್ಲ, ನಡುವೆ ಎಣ್ಣೆಯ ಪೊರೆ ಇರುತ್ತದೆ. ತಾಗುವುದು ಶುರು ಮಾಡುವಾಗ, ನಿಲ್ಲಿಸುವಾಗ, ಅಥವಾ ಏನೋ ಕೆಟ್ಟಾಗ. ಆ ಕಾಲದ ಇಂಜಿನ್ನುಗಳ ಶೆಲ್ಲಿನಲ್ಲಿ ಹೊರಬೆನ್ನು ಉಕ್ಕು, ಅದರ ಒಳಗೆ ತಾಮ್ರ-ಸೀಸದ ಮಿಶ್ರಲೋಹ, ಎಲ್ಲಕ್ಕಿಂತ ಮೇಲೆ ಶಾಫ್ಟಿನ ಕಡೆಗೆ ಸೀಸ-ತವರದ ಒಂದು ಮೆತ್ತನೆಯ ಲೇಪ. ಆ ಲೇಪ ಇಪ್ಪತ್ತು-ಇಪ್ಪತ್ತೈದು ಮೈಕ್ರಾನ್, ತಲೆಗೂದಲಿನ ದಪ್ಪದ ಮೂರನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ಸವೆತ ಶುರುವಾದರೆ ಎಣ್ಣೆಗೆ ಮೊದಲು ಬರುವುದು ಸೀಸ, ತವರ. ಲೇಪ ಹೋದ ಮೇಲೆ ತಾಮ್ರ. ಶಾಫ್ಟೇ ಉಜ್ಜಿಕೊಳ್ಳತೊಡಗಿದರೆ ಕಬ್ಬಿಣ. ಅಂದರೆ ಎಣ್ಣೆಯಲ್ಲಿರುವ ಲೋಹಗಳನ್ನು ಓದಿದರೆ ಒಳಗೆ ಯಾವ ಪದರದ ತನಕ ಸವೆದಿದೆ ಅಂತ ಇಂಜಿನ್ ಬಿಚ್ಚದೆಯೇ ಹೇಳಬಹುದು. ಆಯಿಲ್ ಪ್ರೆಶರ್ ಇಳಿಯುವುದು, ಟಕಟಕ ಸದ್ದು ಬರುವುದು, ಇವೆಲ್ಲ ಆಮೇಲಿನ ಕತೆ. ಸದ್ದು ಕಿವಿಗೆ ಬೀಳುವಷ್ಟು ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಅಳೆಯುವುದು ಹೇಗೆ ಅಂದರೆ, ಸಾರಿನ ಪಾತ್ರೆ ಉಕ್ಕಿ ಉಪ್ಪುನೀರು ಗ್ಯಾಸಿನ ಉರಿಗೆ ಬಿದ್ದಾಗ ಉರಿ ಹಳದಿಯಾಗುತ್ತದಲ್ಲ, ಅದೇ ತತ್ವ. ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಪ್ರತಿ ಲೋಹಕ್ಕೂ ಅದರದ್ದೇ ಬೆಳಕು. ಎಣ್ಣೆಯನ್ನು ವಿದ್ಯುತ್ ಕಿಡಿಯಲ್ಲಿ ಸುಟ್ಟು ಆ ಬೆಳಕನ್ನು ಅಳೆಯುತ್ತಾರೆ. ಫಲಿತಾಂಶ ಬರುವುದು ಪಿಪಿಎಂನಲ್ಲಿ, ಹತ್ತು ಲಕ್ಷದಲ್ಲಿ ಎಷ್ಟು ಪಾಲು ಅಂತ. ಮೂವತ್ತು ಲೀಟರ್ ಎಣ್ಣೆಯಲ್ಲಿ ಹತ್ತು ಪಿಪಿಎಂ ಸೀಸ ಅಂದರೆ ಇಡೀ ಇಂಜಿನ್ನಿನಲ್ಲಿ ಹತ್ತು-ಹನ್ನೆರಡು ಅಕ್ಕಿಕಾಳಿನ ತೂಕದ ಸೀಸ. ಅಮೆರಿಕದ ಡೆನ್ವರ್ ಅಂಡ್ ರಿಯೋ ಗ್ರಾಂಡ್ ರೈಲ್ವೆಯವರು 1940ರ ದಶಕದಲ್ಲೇ ಡೀಸೆಲ್ ಇಂಜಿನ್ನುಗಳಿಗೆ ಇದನ್ನು ಮಾಡಿದ್ದರು. ನಮ್ಮ ರೈಲ್ವೆಯ ಡೀಸೆಲ್ ಶೆಡ್ಡುಗಳಲ್ಲೂ ಇದು ಹಳೇ ಅಭ್ಯಾಸ. ಹೊಸ ಮಾಯಾಜಾಲವೇನಲ್ಲ.

ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ, ಎಣ್ಣೆ ಮಾರುವವರು ಇದನ್ನು ಹೇಳುವುದು ಕಡಿಮೆ. ಈ ಯಂತ್ರಕ್ಕೆ ಕಾಣುವುದು ಬಹಳ ಸಣ್ಣ ಕಣಗಳು ಮಾತ್ರ. ಹತ್ತು ಮೈಕ್ರಾನಿಗಿಂತ ದೊಡ್ಡ ಚೂರುಗಳು ಅದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಬೇರಿಂಗ್ ನಿಧಾನ ಸವೆದರೆ ಗೊತ್ತಾಗುತ್ತದೆ, ಹಪ್ಪಳದ ಹಾಗೆ ಚಕ್ಕೆ ಎದ್ದರೆ ಸಂಖ್ಯೆ ಸುಮ್ಮನೆ ಇರಬಹುದು. ಅದಕ್ಕೆ ಆಯಿಲ್ ಫಿಲ್ಟರನ್ನು ಕೊಯ್ದು, ಕಾಗದ ಬಿಡಿಸಿ, ಬೆಳಕಿಗೆ ಹಿಡಿದು ನೋಡಬೇಕು. ಕೈ ಗಲೀಜಾಗುವ ಕೆಲಸ, ಕಾಲು ಗಂಟೆ ಸಾಕು.

ಈಗ ನನ್ನ ಕತೆಗೆ ಬರುತ್ತೇನೆ.

ಮೊದಲನೇ ವರ್ಷ ಆ ಬೋಟಿನ ಎಣ್ಣೆಯಲ್ಲಿ ತಾಮ್ರ ಒಮ್ಮೆಲೇ ಏರಿತು. 12 ಇದ್ದದ್ದು 58. ನಾನು ಹೊಸಬ, ಉತ್ಸಾಹ ಜಾಸ್ತಿ. "ಬೇರಿಂಗ್ ಹೋಗ್ತಾ ಇದೆ, ಬೋಟು ಬಿಡಬೇಡಿ" ಅಂತ ಫೋನ್ ಮಾಡಿ ಹೇಳಿದೆ. ಮಾಲಕರು ನಂಬಿದರು. ತುಂಬಿಸಿದ ಐಸು ಕರಗಿ ಹೋಯಿತು, ಮೆಕ್ಯಾನಿಕ್ಕುಗಳು ಬಂದರು, ಎರಡು ದಿನ ಬಿಚ್ಚಿದರು. ಶೆಲ್ಲುಗಳು ಹೊಸದರ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು. ಆಗಿದ್ದು ಏನೆಂದರೆ ಆಯಿಲ್ ಕೂಲರಿನ ತಾಮ್ರದ ಕೊಳವೆಗಳಿಂದ ತಾಮ್ರ ಎಣ್ಣೆಗೆ ಬಿಟ್ಟುಕೊಂಡಿತ್ತು. ಕೂಲರ್ ಹೊಸತಾದಾಗ ಹಾಗಾಗುವುದುಂಟು, ಎಣ್ಣೆಯಲ್ಲಿರುವ ರಾಸಾಯನಿಕ ತಾಮ್ರದೊಂದಿಗೆ ಸೇರಿಕೊಂಡು. ಸೀಸ, ತವರ ಅಲುಗಾಡದೆ ತಾಮ್ರ ಒಂದೇ ಏರಿದರೆ ಮೊದಲು ಕೂಲರನ್ನು ಸಂಶಯಿಸಬೇಕು ಅನ್ನುವುದು ಪುಸ್ತಕದಲ್ಲಿ ಇದ್ದದ್ದೇ. ನಾನು ಓದಿದ್ದೆ, ಆ ದಿನ ನೆನಪಾಗಲಿಲ್ಲ. ಮಾಲಕರು ಬೈಯಲಿಲ್ಲ. "ಇರ್ಲಿ ಮಾರಾಯ್ರೆ, ಒಂದು ಟ್ರಿಪ್ ಹೋಯ್ತು ಅಷ್ಟೇ" ಅಂದರು. ಬೈದಿದ್ದರೆ ಒಳ್ಳೆಯದಿತ್ತು. ಕಲಾಸಿಗಳಿಗೆ ಬರುವುದು ಹಿಡಿದ ಮೀನಿನ ಪಾಲು. ಟ್ರಿಪ್ ಇಲ್ಲ ಅಂದರೆ ಅವರಿಗೂ ಇಲ್ಲ. ಅದನ್ನು ಆಗ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಾರನೇ ವರ್ಷ ಸೆಪ್ಟೆಂಬರಿನಲ್ಲಿ ಅದೇ ಬೋಟಿನ ಸ್ಯಾಂಪಲ್. ಹಿಂದಿನ ಮೂರು ಸಲ ಸೀಸ 8, 9, 9. ಈ ಸಲ 27. ತವರ 2 ಇದ್ದದ್ದು 7. ತಾಮ್ರ ಸ್ವಲ್ಪ ಏರಿತ್ತು, ಕಬ್ಬಿಣ ಹಾಗೇ ಇತ್ತು. ಸೋಡಿಯಂ ಕೂಡ ಮೂರು ಪಟ್ಟು. ಉಪ್ಪುನೀರು ಎಲ್ಲಿಂದಲೋ ಒಳಗೆ ಬರುತ್ತಿದೆಯೋ ಅಂತ ಅನುಮಾನ. ಬಿಸಿ ತಟ್ಟೆಯ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ನೋಡಿದೆ. ನೀರಿದ್ದರೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಅನ್ನಬೇಕು. ಅನ್ನಲಿಲ್ಲ. ಹಾಗಾದರೆ ಎಣ್ಣೆ ಹಳತಾಗಿ ಆಮ್ಲ ಹೆಚ್ಚಿ ಸೀಸವನ್ನು ತಿನ್ನುತ್ತಿರಬಹುದು, ಲೇಪವೇ ಉಜ್ಜಿ ಹೋಗುತ್ತಿರಬಹುದು. ಯಾವುದೇ ಆಗಲಿ, ಸೀಸ ಬರುತ್ತಿರುವುದು ಬೇರಿಂಗಿನಿಂದ. ಅದರಲ್ಲಿ ನನಗೆ ಸಂಶಯ ಇರಲಿಲ್ಲ.

ಬೋಟು ಮರುದಿನ ಬೆಳಗ್ಗೆ ಹೊರಡುವುದಿತ್ತು. ವರದಿಯ ಕೊನೆಯಲ್ಲಿ ಶಿಫಾರಸು ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ ನಾಲ್ಕು ಸಿದ್ಧ ವಾಕ್ಯಗಳಿದ್ದವು, ಒಂದನ್ನು ಆರಿಸುವುದು: ಸಹಜವಾಗಿದೆ, ಗಮನದಲ್ಲಿಡಿ, ಪರಿಶೀಲಿಸಿ, ತಕ್ಷಣ ನಿಲ್ಲಿಸಿ. ನಾನು ಎರಡನೆಯದನ್ನು ಒತ್ತಿದೆ. ಇಂಗ್ಲಿಷಿನಲ್ಲಿ ಇನ್ನೂ ಸೊಗಸಾಗಿ ಕೇಳಿಸುವ ಮಾತು ಅದು. ಫೋನ್ ಮಾಡಲಿಲ್ಲ. ಫಿಲ್ಟರ್ ಕೊಯ್ದು ನೋಡಿ ಅಂತ ಡ್ರೈವರಣ್ಣನಿಗೆ ಒಂದು ಮಾತು ಹೇಳಬಹುದಿತ್ತು, ಅದನ್ನೂ ಹೇಳಲಿಲ್ಲ. ಹೇಳಿದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂತ ಹೇಳಿದರೆ ಮಾಲಕರಿಗೆ ಹೋಗುತ್ತದೆ. ಆಮೇಲೆ ಹೋದ ವರ್ಷದ ತಾಮ್ರದ ಕತೆ ಎದ್ದು ಬರುತ್ತದೆ.

ಬೋಟು ಹೋಯಿತು. ಒಳಗೆ ತಾಂಡೇಲರು ಸೇರಿ ಎಂಟು ಜನ. ನಾಲ್ಕನೇ ದಿನ ಗಾಳಿ ಎದ್ದಿತು, ರೇಡಿಯೋದಲ್ಲಿ ಎಚ್ಚರಿಕೆ ಕೊಟ್ಟರು. ಇಂಜಿನ್ ಇಲ್ಲದ ಬೋಟನ್ನು ಅಲೆ ಅಡ್ಡಕ್ಕೆ ತಿರುಗಿಸಿ ಹಾಕುತ್ತದೆ. ಪಕ್ಕದಲ್ಲಿ ಇನ್ನೊಂದು ಬೋಟು ಇದ್ದರೆ ಕಟ್ಟಿ ಎಳೆಯುತ್ತದೆ, ಇಲ್ಲದಿದ್ದರೆ ಇಲ್ಲ. ಆ ರಾತ್ರಿ ನಾನು ಮಂಗಳೂರಿನಲ್ಲಿ ಒಬ್ಬ ಸಹೋದ್ಯೋಗಿಯ ಮದುವೆಯ ರಿಸೆಪ್ಷನ್‌ನಲ್ಲಿದ್ದೆ. ಐಸ್‌ಕ್ರೀಂ ಕೌಂಟರಿನ ಹತ್ತಿರ ನಿಂತು ಫೋನಿನಲ್ಲಿ ಹವಾಮಾನ ನೋಡಿದ್ದು ನೆನಪಿದೆ.

ಒಂಬತ್ತನೇ ದಿನ ಬೋಟು ತುಂಬಿ ಬಂತು. ಮಾಲಕರು ಖುಷಿಯಲ್ಲಿ ನನಗೊಂದು ಅಂಜಲ್ ಕಳಿಸಿದರು, ನಾನು ತಿಂದೆ. ಮುಂದಿನ ಸ್ಯಾಂಪಲಿನಲ್ಲಿ ಸೀಸ 38. ಈ ಸಲ ಫಿಲ್ಟರ್ ಕೊಯ್ಯಿಸಿದೆ, ಕಾಗದದ ಮಡಿಕೆಗಳಲ್ಲಿ ಮಿಣಮಿಣ ಅನ್ನುವ ಚಕ್ಕೆಗಳು. ಬಿಚ್ಚಿದರು. ಬಿಗೆಂಡಿನ ಹನ್ನೆರಡು ಶೆಲ್ಲುಗಳಲ್ಲಿ ನಾಲ್ಕರ ಲೇಪ ಹೋಗಿ ಕೆಂಪು ತಾಮ್ರ ಕಾಣುತ್ತಿತ್ತು, ಒಂದರಲ್ಲಿ ತಾಮ್ರವೂ ಎದ್ದಿತ್ತು. ಶಾಫ್ಟಿಗೆ ಏನೂ ಆಗಿರಲಿಲ್ಲ. ಶೆಲ್ ಬದಲಿಸಿ, ಕೂಲರಿನ ಒಂದು ಸೋರುವ ಕೊಳವೆ ಸರಿ ಮಾಡಿ, ಐದನೇ ದಿನ ಬೋಟು ಹೊರಟಿತು. "ಸರಿಯಾದ ಟೈಮಿಗೆ ಹೇಳಿದ್ರಿ ಇಂಜಿನಿಯರ್ರೆ, ಇಲ್ಲದಿದ್ರೆ ಕ್ರ್ಯಾಂಕೇ ಹೋಗ್ತಿತ್ತು" ಅಂತ ಮಾಲಕರು ಕೈ ಹಿಡಿದುಕೊಂಡರು. ನಮ್ಮ ಕಂಪನಿಯವರು ಆ ಕೇಸನ್ನು ಮುಂದೆ ಎಷ್ಟೋ ಸಭೆಗಳಲ್ಲಿ ಪರದೆಯ ಮೇಲೆ ತೋರಿಸಿದರು. ಸೀಸದ ಗ್ರಾಫು ಏರುವುದು, ಕೆಂಪು ಶೆಲ್ಲಿನ ಫೋಟೋ, ಉಳಿತಾಯ ಇಷ್ಟು ಲಕ್ಷ. ಗ್ರಾಫಿನಲ್ಲಿ 27ಕ್ಕೂ 38ಕ್ಕೂ ನಡುವೆ ಒಂದು ಸಣ್ಣ ಗೆರೆ. ಆ ಗೆರೆಯೊಳಗೆ ಒಂಬತ್ತು ದಿನ, ಎಂಟು ಜನ.

ಇದಾಗಿ ಎಷ್ಟೋ ಸಮಯದ ಮೇಲೆ, ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುವ ಗೆಳೆಯನೊಬ್ಬ ಕ್ಲಿಫರ್ಡ್ ಅನ್ನುವವನ ಒಂದು ಪ್ರಬಂಧದ ಝೆರಾಕ್ಸ್ ಕೊಟ್ಟ. ವಿಲಿಯಂ ಕಿಂಗ್ಡನ್ ಕ್ಲಿಫರ್ಡ್ ಇಂಗ್ಲೆಂಡಿನ ಗಣಿತಜ್ಞ, 33 ವರ್ಷಕ್ಕೇ ತೀರಿಕೊಂಡ. 'ದಿ ಎಥಿಕ್ಸ್ ಆಫ್ ಬಿಲೀಫ್' ಅಂತ 1877ರಲ್ಲಿ ಬರೆದದ್ದು. ಅದರ ಶುರುವಿನಲ್ಲಿ ಒಬ್ಬ ಹಡಗಿನ ಮಾಲಕ ಬರುತ್ತಾನೆ. ಹಡಗು ಹಳೆಯದು, ರಿಪೇರಿ ಬೇಕೇನೋ ಅಂತ ಅವನಿಗೇ ಅನುಮಾನ, ಆದರೆ ಖರ್ಚು. ಎಷ್ಟೋ ಬಿರುಗಾಳಿ ದಾಟಿ ಬಂದ ಹಡಗು, ಈ ಸಲವೂ ಬರುತ್ತದೆ ಅಂತ ತನ್ನನ್ನು ತಾನೇ ನಂಬಿಸಿಕೊಳ್ಳುತ್ತಾನೆ. ನಾಟಕವಲ್ಲ, ನಿಜವಾಗಿಯೂ ನಂಬುತ್ತಾನೆ. ಹಡಗು ಮುಳುಗುತ್ತದೆ, ವಿಮೆಯ ದುಡ್ಡು ಬರುತ್ತದೆ. ಇವನು ತಪ್ಪಿತಸ್ಥ ಅಂತ ಹೇಳಲಿಕ್ಕೆ ತತ್ವಜ್ಞಾನಿ ಬೇಕಾಗಿಲ್ಲ. ಕ್ಲಿಫರ್ಡ್ ಆಮೇಲೆ ಕೇಳುತ್ತಾನೆ: ಹಡಗು ಮುಳುಗದೆ ಸುರಕ್ಷಿತವಾಗಿ ಬಂದಿದ್ದರೆ ಅವನ ತಪ್ಪು ಕಡಿಮೆಯಾಗುತ್ತಿತ್ತೇ? ಒಂದಿಷ್ಟೂ ಇಲ್ಲ ಅನ್ನುವುದು ಅವನ ಉತ್ತರ. ತಪ್ಪು ಆದದ್ದು ಹಡಗು ಬಿಟ್ಟ ಗಳಿಗೆಯಲ್ಲಿ. ಸಮುದ್ರ ಆಮೇಲೆ ಏನು ಮಾಡಿತು ಅನ್ನುವುದು ಅದನ್ನು ಬದಲಿಸುವುದಿಲ್ಲ.

ಓದಿ ಝೆರಾಕ್ಸನ್ನು ಮಡಚಿ ಇಟ್ಟೆ. ಅಂಜಲ್ ನೆನಪಾಯಿತು.

ಕ್ಲಿಫರ್ಡ್ ಪುಸ್ತಕದ ಕೋಣೆಯಲ್ಲಿ ಕೂತು ಬರೆದವನಲ್ಲ ಅನ್ನುವುದೂ ಆಮೇಲೆ ಗೊತ್ತಾಯಿತು. 1870ರ ಡಿಸೆಂಬರಿನಲ್ಲಿ ಸೂರ್ಯಗ್ರಹಣ ನೋಡಲಿಕ್ಕೆ ಹೊರಟ ತಂಡದಲ್ಲಿ ಅವನಿದ್ದ, ಸಿಸಿಲಿಯ ತೀರದಲ್ಲಿ ಅವರ ಹಡಗು ಒಡೆಯಿತು, ಬದುಕಿ ಬಂದ. ಅದೇ ದಶಕದಲ್ಲಿ ಅಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಅನ್ನುವ ಸಂಸತ್ ಸದಸ್ಯ, ಸಾಗಲಾರದ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ ನಾವಿಕರನ್ನು ಸಾಯಿಸುವ ಮಾಲಕರ ವಿರುದ್ಧ ಹೋರಾಡುತ್ತಿದ್ದ. ಹಡಗಿನ ಮೈಮೇಲೆ ಭಾರದ ಗೆರೆ ಎಳೆಯಬೇಕು ಅನ್ನುವ ಕಾನೂನು ಬಂದದ್ದು 1876ರಲ್ಲಿ. ಹಾಗಾಗಿ ಹಡಗಿನ ಮಾಲಕ ಅನ್ನುವ ಉದಾಹರಣೆ ಆ ಕಾಲದ ಓದುಗರಿಗೆ ಗಾಳಿಯಿಂದ ಬಂದದ್ದಲ್ಲ.

ಆದರೂ ಕ್ಲಿಫರ್ಡನ ಜೊತೆ ನನಗೆ ಒಂದು ಜಗಳ ಇದೆ. ಅವನು ಅನುಮಾನ ಇದ್ದರೆ ಪರೀಕ್ಷಿಸು ಅನ್ನುತ್ತಾನೆ. ಎಷ್ಟು ಅನುಮಾನ? ಓಡುವ ಇಂಜಿನ್ನಿನ ಎಣ್ಣೆಯಲ್ಲಿ ಲೋಹ ಸೊನ್ನೆ ಅಂತ ಬರುವುದೇ ಇಲ್ಲ. ಸವೆಯದ ಇಂಜಿನ್ ಅಂದರೆ ಶೋರೂಮಿನಲ್ಲಿರುವ ಇಂಜಿನ್. 27 ಅಪಾಯವೇ? ಕೆಲವು ಇಂಜಿನ್ನುಗಳಿಗೆ ಅದು ಮಾಮೂಲಿ. ಇನ್ನು ಬಿಚ್ಚಿ ನೋಡುವುದೂ ಪುಕ್ಕಟೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಕರಾವಳಿ ವಿಭಾಗದಲ್ಲಿ ಕೆಲಸ ಮಾಡಿದ ಕಾನ್ರಾಡ್ ವ್ಯಾಡಿಂಗ್ಟನ್, ವಿಮಾನಗಳಲ್ಲಿ ನಿಗದಿತ ತಪಾಸಣೆ ಮುಗಿದ ಕೂಡಲೇ ಕೆಡುವುದು ಹೆಚ್ಚಾಗುತ್ತದೆ, ಆಮೇಲೆ ಇಳಿಯುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದ. ಬಿಚ್ಚಿ ಜೋಡಿಸುವ ಕೈಯೇ ಹೊಸ ತೊಂದರೆ ತರುತ್ತದೆ. ಒಂದು ಶೆಲ್ಲಿನಡಿ ಒಂದು ಧೂಳಿನ ಕಣ ಉಳಿದರೆ ಸಾಕು. ಹಾಗಾಗಿ ಪ್ರತಿ ಅನುಮಾನಕ್ಕೂ ನಿಲ್ಲಿಸಿ ಅನ್ನುವವನು ಹೆಚ್ಚು ನೀತಿವಂತ ಅಂತ ನಾನು ಒಪ್ಪುವುದಿಲ್ಲ. ಮೊದಲ ವರ್ಷದ ನಾನು ಅಂಥವನೇ, ಕಲಾಸಿಗಳ ಪಾಲು ಕಳೆದವನು.

ಇದನ್ನೆಲ್ಲ ನಾನು ನನ್ನ ಪರವಾಗಿ ಎಷ್ಟೋ ಸಲ ವಾದ ಮಾಡಿದ್ದೇನೆ. 27 ನೋಡಿ "ಗಮನದಲ್ಲಿಡಿ" ಅನ್ನುವುದು ಒಬ್ಬ ಪ್ರಾಮಾಣಿಕ ಇಂಜಿನಿಯರ್ ಕೊಡಬಹುದಾದ ಉತ್ತರ, ಪಠ್ಯದ ಪ್ರಕಾರ ತಪ್ಪಲ್ಲ. ಆದರೆ ಆ ದಿನ ಬಟನ್ ಒತ್ತುವಾಗ ನಾನು ಇಂಜಿನ್ನಿನ ಬಗ್ಗೆ ಯೋಚಿಸುತ್ತಿರಲಿಲ್ಲ. ಎರಡು ತಪ್ಪುಗಳನ್ನು ತೂಗುತ್ತಿದ್ದೆ. ಸುಳ್ಳು ಎಚ್ಚರಿಕೆ ಕೊಟ್ಟರೆ ನನಗೆ ಅವಮಾನ. ನಿಜವಾದ ಎಚ್ಚರಿಕೆ ಕೊಡದಿದ್ದರೆ ಪೆಟ್ಟು ಬೇರೆಯವರಿಗೆ, ನನ್ನ ವರದಿಯಲ್ಲಿ ಹೇಗೂ "ಗಮನದಲ್ಲಿಡಿ" ಅಂತ ಬರೆದಿರುತ್ತದೆ. ಆ ಪದ ಇರುವುದೇ ಅದಕ್ಕೆ. ಏನಾದರೂ ಆದರೆ ಹೇಳಿದ್ದೆನಲ್ಲ ಅನ್ನಬಹುದು, ಏನೂ ಆಗದಿದ್ದರೆ ಹೆದರಿಸಲಿಲ್ಲವಲ್ಲ ಅನ್ನಬಹುದು. ಯಾರು ಗಮನದಲ್ಲಿಡಬೇಕು, ಸಮುದ್ರದ ನಡುವೆ ಏನನ್ನು ನೋಡಬೇಕು, ಯಾವ ಸದ್ದಿಗೆ ವಾಪಸು ತಿರುಗಬೇಕು ಅಂತ ಅದರಲ್ಲಿ ಇಲ್ಲ.

ಅದೂ ಯಾರಿಗೆ ಹೇಳಿದ್ದು? ವರದಿ ಹೋದದ್ದು ಮಾಲಕರ ಇಮೇಲಿಗೆ, ಇಂಗ್ಲಿಷಿನಲ್ಲಿ. ಒಪ್ಪಂದದ ಪ್ರಕಾರ ಅದು ಗ್ರಾಹಕರ ಗುಟ್ಟು. ಇಂಜಿನ್ನಿನ ಪಕ್ಕದಲ್ಲೇ ಮಲಗುವ ಡ್ರೈವರಣ್ಣನಿಗೆ ಸೀಸ 27 ಅಂತ ಗೊತ್ತಿರಲಿಲ್ಲ, ಬಾಟಲಿ ತುಂಬಿಸಿ ಕೊಟ್ಟವರೇ ಅವರಾದರೂ. ಅಂಕೋಲಾ ಕಡೆಯಿಂದ, ಆಂಧ್ರದಿಂದ, ಒಡಿಶಾದಿಂದ ಬಂದ ಕಲಾಸಿಗಳ ಮಾತಂತೂ ದೂರವೇ ಉಳಿಯಿತು. ಅವರಿಗೆ ಗೊತ್ತಿದ್ದರೆ ಹೋಗುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಬಹುಶಃ ಹೋಗುತ್ತಿದ್ದರು. ಸೆಪ್ಟೆಂಬರಿನ ಮೀನು, ಊರಿಗೆ ಕಳಿಸಬೇಕಾದ ದುಡ್ಡು. ಅರ್ಧ ವೇಗದಲ್ಲಿ ಓಡಿಸುವ, ತೀರಕ್ಕೆ ಹತ್ತಿರದಲ್ಲೇ ಇರುವ, ಇನ್ನೊಂದು ಬೋಟಿನ ಜೊತೆಗೇ ಹೋಗುವ ಅಂತ ಅವರಲ್ಲೇ ಏನಾದರೂ ಮಾತಾಗುತ್ತಿತ್ತೋ ಏನೋ. ಆ ಮಾತು ಆಡುವ ಅವಕಾಶ ಅವರಿಗೆ ಇರಲಿಲ್ಲ. ಕ್ಲಿಫರ್ಡನ ಕತೆಯಲ್ಲಿ ಅನುಮಾನ ಹುಟ್ಟುವುದೂ ಅದನ್ನು ಅದುಮುವುದೂ ಒಬ್ಬನ ತಲೆಯಲ್ಲಿ. ನಮ್ಮಲ್ಲಿ ಅನುಮಾನ ನನ್ನ ಹತ್ತಿರ, ಹಡಗು ಮಾಲಕರ ಹತ್ತಿರ, ಜೀವ ಇನ್ಯಾರದ್ದೋ. ಇಷ್ಟು ಹಂಚಿಹೋದರೆ ಯಾರೊಬ್ಬರಿಗೂ ತಾನು ಏನನ್ನೋ ಅದುಮುತ್ತಿದ್ದೇನೆ ಅಂತ ಅನಿಸುವುದೇ ಇಲ್ಲ.

ಮಾಲಕರಿಗೆ ನಾನು ಇದನ್ನು ಹೇಳಿದೆ, ಮೂರು ವರ್ಷದ ಮೇಲೆ, ಕೆಲಸ ಬಿಟ್ಟ ವಾರ. ಅವರು ಬಲೆಯ ಲೆಕ್ಕ ಬರೆಯುತ್ತಿದ್ದರು, ತಲೆ ಎತ್ತಿ ನೋಡಿದರು. "ಆವತ್ತು ಹೇಳಿದ್ರೂ ನಾನು ಬಿಡ್ತಿದ್ದೆ ಮಾರಾಯ್ರೆ. ಬ್ಯಾಂಕಿನವ್ರು ಕಾಯ್ತಾರಾ?" ಅಂದರು. ಸಮಾಧಾನ ಮಾಡಲಿಕ್ಕೆ ಹೇಳಿದ್ದೋ ನಿಜವೋ ಗೊತ್ತಿಲ್ಲ. ನಿಜವಾಗಿದ್ದರೂ ಅದು ಅವರ ಲೆಕ್ಕ, ನನ್ನದಲ್ಲ.

ಈಗ ಸ್ವಂತಕ್ಕೆ ಸಣ್ಣ ಮಟ್ಟದಲ್ಲಿ ಇದೇ ಕೆಲಸ ಮಾಡುತ್ತೇನೆ. ವರದಿಯಲ್ಲಿ ಸಿದ್ಧ ವಾಕ್ಯಗಳನ್ನು ತೆಗೆದುಹಾಕಿದ್ದೇನೆ. ನನಗೆ ಏನು ಗೊತ್ತು, ಏನು ಅನುಮಾನ, ನನ್ನದೇ ಇಂಜಿನ್ ಆಗಿದ್ದರೆ ಏನು ಮಾಡುತ್ತಿದ್ದೆ ಅಂತ ಕನ್ನಡದಲ್ಲಿ ಮೂರು ಸಾಲು ಬರೆಯುತ್ತೇನೆ. ಅದು ಮಾಲಕರಿಗೂ ಡ್ರೈವರಿಗೂ ಒಟ್ಟಿಗೇ ಹೋಗುತ್ತದೆ, ಮೊದಲೇ ಹೇಳಿ ಒಪ್ಪಿಸಿಕೊಂಡು. ಇಬ್ಬರು ಮಾಲಕರು ಇದೇ ಕಾರಣಕ್ಕೆ ಬೇಡ ಅಂದರು. ಡ್ರೈವರಿಗೆ ಯಾಕೆ ಸುಮ್ಮನೆ ಹೆದರಿಸುವುದು ಅಂತ.

ಹೋದ ತಿಂಗಳು ಆ ಹಳೇ ಡ್ರೈವರಣ್ಣ ಫೋನ್ ಮಾಡಿದ್ದರು. ಈಗ ಬೇರೆ ಬೋಟಿನಲ್ಲಿದ್ದಾರೆ, ಮರುದಿನ ಹೊರಡುವವರಿದ್ದರು. ಸೀಸ 14, ಹೋದ ಸಲ 11 ಇತ್ತು, ತವರ ಏರಿಲ್ಲ, ಗಾಬರಿ ಬೇಡ ಅಂತ ಹೇಳಿದೆ.

"ಟಾಪಪ್ ಎಷ್ಟು ಮಾಡಿದ್ದೇವೆ ಅಂತ ನೀವು ಕೇಳ್ಲಿಲ್ಲ" ಅಂದರು.

ಬಾಟಲಿಯ ಮೇಲೆ ಬರೆದಿತ್ತು, ನಾನು ನೋಡಿರಲಿಲ್ಲ. ಹನ್ನೊಂದು ಲೀಟರ್. ಅಷ್ಟು ಹೊಸ ಎಣ್ಣೆ ಸೇರಿದ ಮೇಲೂ 14 ಅಂದರೆ ಅದು 14 ಅಲ್ಲ. ಫಿಲ್ಟರ್ ಕೊಯ್ದು ನೋಡಿ ಅಂದೆ. ಕೊಯ್ದೇ ಫೋನ್ ಮಾಡಿದ್ದಂತೆ.